ಎಸಿ, ಫ್ರಿಜ್ ಕೆಲಸಕ್ಕೆ ವ್ಯಾಕ್ಯೂಮ್ ಪಂಪ್ ಆರಿಸುವುದು ಹೇಗೆ? ಸಿಎಫ್‌ಎಂ ಕೇಳುವ ಮೊದಲು ನೋಡಬೇಕಾದ್ದು

ಪೈಪಿನೊಳಗಿನ ಗಾಳಿ, ತೇವ ಎಳೆದು ತೆಗೆಯುವ ವ್ಯಾಕ್ಯೂಮ್ ಪಂಪ್ ಕೊಳ್ಳಲು ಹೋದವರಿಗೆ ಕೌಂಟರಿನ ಆಚೆಯಿಂದ ಬರುವ ಮೊದಲ ಪ್ರಶ್ನೆ ‘ಎಷ್ಟು ಸಿಎಫ್‌ಎಂ ಬೇಕು?’ ಅಂದರೆ ಪಂಪ್ ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಎಳೆಯಬೇಕು ಎಂದು. ಎರಡನೆಯದು ‘ಸಿಂಗಲ್ ಸ್ಟೇಜಾ, ಡಬಲ್ ಸ್ಟೇಜಾ?’ ಎರಡಕ್ಕೂ ಉತ್ತರ ಕೊಟ್ಟರೆ ಡಬ್ಬ ಕೈಗೆ ಬರುತ್ತದೆ, ಬಿಲ್ಲೂ ಆಗುತ್ತದೆ. ಆದರೆ ಆ ಪಂಪ್ ನಾಳೆ ಗಿರಾಕಿಯ ಮನೆಯ ತಾಮ್ರದ ಪೈಪಿನೊಳಗೆ ಎಷ್ಟು ಆಳದ ವ್ಯಾಕ್ಯೂಮ್ ತರುತ್ತದೆ ಎಂಬುದು ಈ ಎರಡು ಉತ್ತರಗಳಿಂದ ತಿಳಿಯುವುದಿಲ್ಲ. ಅದನ್ನು ನಿರ್ಧರಿಸುವುದರಲ್ಲಿ ಪಂಪಿನಷ್ಟೇ ಪಾಲು ಹೋಸಿಗೆ, ಹೋಸ್ ಸಿಕ್ಕಿಸುವ ಬಾಯಿಯ ಪಿನ್ನಿಗೆ, ಎಣ್ಣೆಗೆ ಇದೆ. ಅಳೆಯುವ ಗೇಜ್ ಇಲ್ಲದಿದ್ದರೆ ಬಂದಿದೆಯೋ ಇಲ್ಲವೋ ಎಂಬುದೇ ಗೊತ್ತಾಗುವುದಿಲ್ಲ. ದೊಡ್ಡ ಪಂಪಿಗೆ ಹೆಚ್ಚು ಹಣ ಕೊಡುವ ಬದಲು ಮಧ್ಯಮ ಗಾತ್ರದ ಒಳ್ಳೆಯ ಪಂಪ್ ತೆಗೆದುಕೊಂಡು, ಉಳಿದ ಹಣದಲ್ಲಿ ಅದೇ ದಿನ ಮೈಕ್ರಾನ್ ಗೇಜನ್ನೂ (ವ್ಯಾಕ್ಯೂಮಿನ ಆಳ ಅಳೆಯುವ ಸಾಧನ) ಕೊಳ್ಳಿ ಎನ್ನುವುದು ನನ್ನ ಸಲಹೆ. ಯಾಕೆಂದು ಮುಂದೆ ವಿವರವಾಗಿ ಹೇಳುತ್ತೇನೆ.

ಒಳಗೆ ಏನಿದೆ, ಏನನ್ನು ತೆಗೆಯಬೇಕು

ಹೊಸ ಪೈಪ್ ಎಳೆದಾಗ ಅಥವಾ ಸಿಸ್ಟಮ್ ಬಿಚ್ಚಿದಾಗ ಒಳಗೆ ಎರಡು ವಸ್ತು ಸೇರಿಕೊಳ್ಳುತ್ತವೆ: ಗಾಳಿ ಮತ್ತು ತೇವ. ಗ್ಯಾಸ್ ದ್ರವವಾಗುವ ಕಂಡೆನ್ಸರಿನಲ್ಲಿ ಗಾಳಿ ದ್ರವವಾಗುವುದಿಲ್ಲ. ಅಲ್ಲಿಯೇ ಜಾಗ ಹಿಡಿದು ಕೂತು ಹೈ ಸೈಡ್ (ಕಂಪ್ರೆಸರಿನಿಂದ ಹೊರಬರುವ ಕಡೆಯ) ಒತ್ತಡ ಏರಿಸುತ್ತದೆ, ಕರೆಂಟ್ ಹೆಚ್ಚು ಎಳೆಯುವಂತೆ ಮಾಡುತ್ತದೆ. ತೇವದ ಕಾಟ ನಿಧಾನದ್ದು. ಫ್ರಿಜ್ಜಿನ ಕ್ಯಾಪಿಲರಿ ಎಂಬ ಸಣ್ಣ ಕೊಳವೆಯ ತುದಿಯಲ್ಲಿ ಮಂಜುಗಡ್ಡೆಯಾಗಿ ಕಟ್ಟಿ ಚೋಕ್ ಮಾಡುವುದು ಅದೇ. ಆರ್-410ಎ, ಆರ್-32 ಗ್ಯಾಸಿನ ಯಂತ್ರಗಳಲ್ಲಿ ಕಂಪ್ರೆಸರಿಗೆ ಬಳಸುವ ಪಿಒಇ (ಪಾಲಿಯೋಲ್ ಎಸ್ಟರ್) ಎಣ್ಣೆ ಗಾಳಿಯಿಂದಲೇ ತೇವ ಹೀರಿಕೊಳ್ಳುತ್ತದೆ, ಆಮೇಲೆ ಆ ನೀರಿನೊಂದಿಗೆ ಸೇರಿ ಆಮ್ಲವಾಗುತ್ತದೆ. ಆಮ್ಲ ಕಂಪ್ರೆಸರಿನ ವೈಂಡಿಂಗನ್ನು ತಿನ್ನುತ್ತದೆ. ಹಳೆಯ ಆರ್-22 ಯಂತ್ರದ ಮಿನರಲ್ ಎಣ್ಣೆ ಇಷ್ಟು ಸೂಕ್ಷ್ಮವಾಗಿರಲಿಲ್ಲ. ‘ಮೊದಲೆಲ್ಲ ಹೀಗೇ ಮಾಡುತ್ತಿದ್ದೆವು, ಏನೂ ಆಗುತ್ತಿರಲಿಲ್ಲ’ ಎಂದು ಹಿರಿಯ ಮೆಕ್ಯಾನಿಕ್‌ಗಳು ಹೇಳುವುದರಲ್ಲಿ ಅಷ್ಟು ಮಟ್ಟಿಗೆ ಸತ್ಯ ಇದೆ.

ಪಂಪಿನ ಗಾತ್ರದ ಚರ್ಚೆ ಸರಿಯಾಗಿ ಅರ್ಥವಾಗಬೇಕಾದರೆ ಇಲ್ಲಿ ಸ್ವಲ್ಪ ಲೆಕ್ಕ ಮಾಡಬೇಕು. ಹೊಸ ಸ್ಪ್ಲಿಟ್ ಎಸಿಯ ಔಟ್‌ಡೋರ್ ಯೂನಿಟ್‌ನಲ್ಲಿ ಕಂಪನಿಯಿಂದಲೇ ಗ್ಯಾಸ್ ತುಂಬಿರುತ್ತದೆ, ವಾಲ್ವ್ ಮುಚ್ಚಿರುತ್ತದೆ. ನಾವು ವ್ಯಾಕ್ಯೂಮ್ ಹಾಕುವುದು ಪೈಪಿಗೆ ಮತ್ತು ಇಂಡೋರ್ ಕಾಯಿಲ್‌ಗೆ ಮಾತ್ರ. ಐದು ಮೀಟರ್ ಉದ್ದದ ಅರ್ಧ ಇಂಚು ಮತ್ತು ಕಾಲು ಇಂಚು ಪೈಪುಗಳ ಒಳಗಿನ ಜಾಗ ಎರಡೂ ಸೇರಿ ಸುಮಾರು ಅರ್ಧ ಲೀಟರ್ ಮಾತ್ರ. ಕಾಯಿಲ್ ಸೇರಿಸಿದರೂ ಕೆಲವೇ ಲೀಟರ್. 1 ಸಿಎಫ್‌ಎಂ ಎಂದರೆ ನಿಮಿಷಕ್ಕೆ ಸುಮಾರು 28 ಲೀಟರ್. 3 ಸಿಎಫ್‌ಎಂ ಪಂಪ್ ನಿಮಿಷಕ್ಕೆ 85 ಲೀಟರ್ ಎಳೆಯಬಲ್ಲದು. ಗಾಳಿಯೊಂದನ್ನೇ ತೆಗೆಯುವುದಾದರೆ ಅತಿ ಚಿಕ್ಕ ಪಂಪಿಗೂ ಒಂದೆರಡು ನಿಮಿಷ ಸಾಕು.

ಸಮಯ ತಿನ್ನುವುದು ನೀರು. ಒಂದು ಗ್ರಾಂ ನೀರು, ಅಂದರೆ ಸುಮಾರು ಇಪ್ಪತ್ತು ಹನಿ, 500 ಮೈಕ್ರಾನ್ (ಈ ಅಳತೆಯ ವಿವರ ಹೆಜ್ಜೆ 2ರಲ್ಲಿದೆ) ಒತ್ತಡದಲ್ಲಿ ಆವಿಯಾದರೆ ಸುಮಾರು 2000 ಲೀಟರ್ ಜಾಗ ತುಂಬುತ್ತದೆ! ಮಳೆಗಾಲದಲ್ಲಿ ಮಂಗಳೂರಿನ ಸೈಟಿನಲ್ಲಿ ಪೈಪಿನ ಬಾಯಿ ಮುಚ್ಚದೆ ರಾತ್ರಿಯಿಡೀ ಬಿಟ್ಟರೆ ಬೆಳಿಗ್ಗೆ ಯಾವ ಪಂಪ್ ತಂದರೂ ಯಾಕೆ ಒದ್ದಾಡುತ್ತದೆ ಎಂಬುದಕ್ಕೆ ಇದೇ ಉತ್ತರ. ಪಂಪ್ ಕೊಳ್ಳುವ ಮೊದಲೇ, ಪೈಪಿನ ತುದಿಗೆ ಕ್ಯಾಪ್ ಹಾಕುವ ಅಭ್ಯಾಸ ಮಾಡಿಕೊಳ್ಳಿ. ಅದಕ್ಕೆ ದುಡ್ಡೂ ಬೇಡ.

ಹೆಜ್ಜೆ 1: ನಿಮ್ಮ ಕೈಗೆ ಬರುವ ಕೆಲಸ ಯಾವುದು, ಬರೆದುಕೊಳ್ಳಿ

ಮನೆಯ ಫ್ರಿಜ್ ಮತ್ತು ವಾಟರ್ ಕೂಲರ್ ಹೆಚ್ಚಾಗಿ ಬರುತ್ತವೆಯೋ, 1ರಿಂದ 2 ಟನ್ನಿನ ಸ್ಪ್ಲಿಟ್ ಎಸಿಯೋ, ಕಾರಿನ ಎಸಿಯೋ, ಅಥವಾ ಆಫೀಸಿನ ಡಕ್ಟಬಲ್ (ತಣ್ಣನೆಯ ಗಾಳಿಯನ್ನು ಡಕ್ಟಿನಲ್ಲಿ ಹಂಚುವ ಎಸಿ), ವಿಆರ್‌ಎಫ್ (ಒಂದೇ ಔಟ್‌ಡೋರಿಗೆ ಹಲವು ಇಂಡೋರ್ ಜೋಡಿಸಿದ ಎಸಿ), ಕೋಲ್ಡ್ ರೂಮ್ ತರಹದ ದೊಡ್ಡವೋ? ವರ್ಷಕ್ಕೊಮ್ಮೆ ಬರುವ ದೊಡ್ಡ ಕೆಲಸಕ್ಕಾಗಿ ದೊಡ್ಡ ಪಂಪ್ ಕೊಂಡು, ಅದನ್ನು ದಿನವೂ ಮೂರನೇ ಮಹಡಿಯ ಬಾಲ್ಕನಿಗೆ ಹೊರುವವರನ್ನು ನಾವೆಲ್ಲ ನೋಡಿದ್ದೇವೆ. ದೊಡ್ಡ ಕೆಲಸ ಬಂದ ದಿನ ಪಂಪನ್ನು ಬಾಡಿಗೆಗೋ ಗೆಳೆಯರಿಂದ ಎರವಲೋ ತರಬಹುದು.

ಜೊತೆಗೆ ಯಾವ ಗ್ಯಾಸಿನ ಯಂತ್ರಗಳು ಎಂಬುದನ್ನೂ ಬರೆಯಿರಿ. ಆರ್-22, ಆರ್-410ಎ, ಆರ್-32, ಆರ್-134ಎ, ಆರ್-600ಎ, ಆರ್-290. ಆರ್-32, ಆರ್-290, ಆರ್-600ಎ ಈ ಮೂರಲ್ಲಿ ಒಂದು ಇದ್ದರೂ ಹೆಜ್ಜೆ 5ನ್ನು ಹಾರಿಸಬೇಡಿ.

ಹೆಜ್ಜೆ 2: ಮೈಕ್ರಾನ್ ಅರ್ಥ ಮಾಡಿಕೊಳ್ಳಿ, ಮುಳ್ಳನ್ನು ನಂಬಬೇಡಿ

ಸಮುದ್ರ ಮಟ್ಟದಲ್ಲಿ ಗಾಳಿಯ ಒತ್ತಡ ಪಾದರಸದ 760 ಮಿಲಿಮೀಟರ್. ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಒಂದು ಭಾಗ ಒಂದು ಮೈಕ್ರಾನ್. ಹಾಗಾಗಿ ತೆರೆದ ಗಾಳಿ 7,60,000 ಮೈಕ್ರಾನ್. ನಮಗೆ ಬೇಕಾದ್ದು 500 ಅಥವಾ ಅದಕ್ಕಿಂತ ಕಡಿಮೆ.

ಈಗ ಮ್ಯಾನಿಫೋಲ್ಡಿನ (ಗ್ಯಾಸ್ ತುಂಬಲು ಬಳಸುವ ಗೇಜ್ ಸೆಟ್) ನೀಲಿ ಗೇಜ್ ನೋಡಿ. ಅದರ ವ್ಯಾಕ್ಯೂಮ್ ಭಾಗ ಸೊನ್ನೆಯಿಂದ ಪಾದರಸದ 30 ಇಂಚಿನವರೆಗೆ. 20,000 ಮೈಕ್ರಾನ್ ಎಂದರೆ ಮುಕ್ಕಾಲು ಇಂಚಿಗಿಂತ ಸ್ವಲ್ಪ ಹೆಚ್ಚು, ಆ ಸ್ಕೇಲಿನಲ್ಲಿ ಸರಿಸುಮಾರು ಒಂದು ಮುಳ್ಳಿನ ದಪ್ಪ. 20,000ಕ್ಕೂ 500ಕ್ಕೂ ಇರುವ ವ್ಯತ್ಯಾಸ ಆ ಗೇಜಿನಲ್ಲಿ ಕಾಣುವುದೇ ಇಲ್ಲ. ಆದರೆ ತೇವದ ಮಟ್ಟಿಗೆ ಇಡೀ ಕಥೆ ನಡೆಯುವುದು ಅಷ್ಟರೊಳಗೇ: 25 ಡಿಗ್ರಿಯಲ್ಲಿ ನೀರು ಕುದಿಯಲು ಶುರುವಾಗುವುದು ಸುಮಾರು 23,800 ಮೈಕ್ರಾನಿನಲ್ಲಿ. ಮುಳ್ಳು ತಳ ಮುಟ್ಟಿದಾಗ ನೀರು ಕುದಿಯಲು ಆಗಷ್ಟೇ ಆರಂಭವಾಗಿರುತ್ತದೆ, ನಾವು ಮುಗಿಯಿತೆಂದು ಪಂಪ್ ನಿಲ್ಲಿಸುತ್ತೇವೆ.

ಇನ್ನೊಂದು ತಮಾಷೆ ಬೆಂಗಳೂರಿನವರಿಗೆ. ಊರು ಸಮುದ್ರ ಮಟ್ಟದಿಂದ 900 ಮೀಟರಿಗಿಂತ ಮೇಲಿದೆ, ಇಲ್ಲಿನ ಗಾಳಿಯ ಒತ್ತಡವೇ ಸುಮಾರು 680 ಮಿಲಿಮೀಟರ್. ಸೊನ್ನೆಗೆ ಸರಿಯಾಗಿ ಹೊಂದಿಸಿದ ಗೇಜ್ ಇಲ್ಲಿ ಪೂರ್ತಿ ವ್ಯಾಕ್ಯೂಮಿನಲ್ಲೂ 27 ಇಂಚಿನ ಆಸುಪಾಸಿನಲ್ಲೇ ನಿಲ್ಲುತ್ತದೆ. ಮಡಿಕೇರಿಯಲ್ಲಿ 26ರ ಹತ್ತಿರ. ಮಂಗಳೂರಿನಲ್ಲಿ ಹೆಚ್ಚುಕಡಿಮೆ 30. ‘30 ಬರುತ್ತಿಲ್ಲ, ಪಂಪ್ ವೀಕ್ ಆಗಿದೆ’ ಎಂದು ಬೆಂಗಳೂರಿನಲ್ಲಿ ಒಳ್ಳೆಯ ಪಂಪನ್ನು ಅಂಗಡಿಗೆ ವಾಪಸ್ ಕೊಡುವವರಿದ್ದಾರೆ. ಮೈಕ್ರಾನ್ ಗೇಜಿಗೆ ಈ ತೊಂದರೆ ಇಲ್ಲ. ಅದು ಹೊರಗಿನ ಗಾಳಿಯೊಂದಿಗೆ ಹೋಲಿಸದೆ ಒಳಗೆ ಉಳಿದಿರುವುದನ್ನೇ ಅಳೆಯುತ್ತದೆ, 500 ಎಂದರೆ ಎಲ್ಲ ಊರಲ್ಲೂ 500.

ಪಂಪಿನ ಪ್ಲೇಟಿನ ಮೇಲೆ ಕೆಲವು ಕಂಪನಿಗಳು ಮೈಕ್ರಾನ್ ಬದಲು ಪಾಸ್ಕಲ್ ಬರೆದಿರುತ್ತವೆ. 1 ಪಾಸ್ಕಲ್ ಸುಮಾರು ಏಳೂವರೆ ಮೈಕ್ರಾನ್. ‘5 ಪಾಸ್ಕಲ್’ ಎಂದಿದ್ದರೆ ಸುಮಾರು 38 ಮೈಕ್ರಾನ್ ಎಂದು ಓದಿಕೊಳ್ಳಿ.

ಹೆಜ್ಜೆ 3: ಸಿಂಗಲ್ ಸ್ಟೇಜ್, ಡಬಲ್ ಸ್ಟೇಜ್

ಎರಡರ ಒಳಗೂ ಇರುವುದು ಎಣ್ಣೆಯಲ್ಲಿ ತಿರುಗುವ ರೋಟರ್ ಮತ್ತು ಅದರ ಸೀಳಿನಲ್ಲಿ ಜಾರುವ ಪಟ್ಟಿಗಳು. ಸಿಂಗಲ್ ಸ್ಟೇಜಿನಲ್ಲಿ ಎಳೆದ ಗಾಳಿ ನೇರ ಹೊರಗೆ ಹೋಗುತ್ತದೆ. ಡಬಲ್ ಸ್ಟೇಜಿನಲ್ಲಿ ಮೊದಲ ಕೋಣೆ ಬಿಟ್ಟದ್ದನ್ನು ಎರಡನೆಯ ಕೋಣೆ ಎಳೆದುಕೊಂಡು ಹೊರಹಾಕುತ್ತದೆ. ಮೊದಲ ಕೋಣೆಯ ಹೊರಬಾಯಿಯಲ್ಲಿ ಹೊರಗಿನ ಒತ್ತಡ ಇಲ್ಲದ್ದರಿಂದ ಅದು ಹೆಚ್ಚು ಆಳಕ್ಕೆ ಇಳಿಯಬಲ್ಲದು.

ಪ್ಲೇಟಿನ ಮೇಲೆ ಸಿಂಗಲ್ ಸ್ಟೇಜಿಗೂ 150 ಮೈಕ್ರಾನ್ ಅಥವಾ ಅದಕ್ಕಿಂತ ಕಡಿಮೆ ಅಂಕಿ ಕಾಣಿಸುತ್ತದೆ. ನಮಗೆ ಬೇಕಾದ್ದು 500, ಹಾಗಾದರೆ ಇದೇ ಸಾಕಲ್ಲ ಎನಿಸಬಹುದು. ಆ ಅಂಕಿ ಹೊಸ ಎಣ್ಣೆ ಹಾಕಿ, ಬಾಯಿ ಮುಚ್ಚಿ, ಹೋಸೂ ಇಲ್ಲದೆ ಅಳೆದದ್ದು. ಎಣ್ಣೆಗೆ ಸ್ವಲ್ಪ ತೇವ ಸೇರಿದ ಕೂಡಲೇ ಸಿಂಗಲ್ ಸ್ಟೇಜಿನ ಆಳ ಮೇಲಕ್ಕೆ ಬರುತ್ತದೆ, ಸೈಟಿನಲ್ಲಿ 500 ಮುಟ್ಟುವುದು ಹೆಣಗಾಟವಾಗುತ್ತದೆ. ಡಬಲ್ ಸ್ಟೇಜ್ ಪಂಪಿನ ಅಂಕಿ ಸಾಮಾನ್ಯವಾಗಿ 15ರಿಂದ 25 ಮೈಕ್ರಾನ್. ಅಷ್ಟು ಕೆಳಗಿನಿಂದ ಶುರುವಾಗುವುದರಿಂದ ಎಣ್ಣೆ ಕೊಂಚ ಕೆಟ್ಟರೂ ಕೆಲಸ ನಡೆಯುತ್ತದೆ.

ಆರ್-22 ಯಂತ್ರಗಳ ರಿಪೇರಿಯೊಂದೇ ಮಾಡುವವರಿಗೆ ಸಿಂಗಲ್ ಸ್ಟೇಜ್ ನಡೆಯುತ್ತಿತ್ತು. ಈಗ ಬರುವ ಸ್ಪ್ಲಿಟ್‌ಗಳಲ್ಲಿ ಬಹುತೇಕ ಆರ್-32. ಹೊಸದಾಗಿ ಕೊಳ್ಳುವವರು ಡಬಲ್ ಸ್ಟೇಜನ್ನೇ ತೆಗೆದುಕೊಳ್ಳಿ, ಇದರಲ್ಲಿ ಎರಡು ಮಾತಿಲ್ಲ.

ಹಳೆಯ ಫ್ರಿಜ್ ಕಂಪ್ರೆಸರನ್ನೇ ವ್ಯಾಕ್ಯೂಮ್ ಪಂಪ್ ಮಾಡಿಕೊಳ್ಳುವ ಜುಗಾಡ್ ನಮ್ಮ ವರ್ಕ್‌ಶಾಪುಗಳಲ್ಲಿ ಇನ್ನೂ ಇದೆ. ಅದು ಗಾಳಿಯ ದೊಡ್ಡ ಪಾಲನ್ನು ತೆಗೆಯುತ್ತದೆ, ಮುಳ್ಳೂ ಕೆಳಗೆ ಹೋಗುತ್ತದೆ. ಆದರೆ ಪಿಸ್ಟನ್ನಿನ ತಲೆಯ ಮೇಲೆ ಉಳಿಯುವ ಸಣ್ಣ ಜಾಗದ ಕಾರಣ ಅದು ಮೈಕ್ರಾನ್ ಲೆಕ್ಕದ ಆಳಕ್ಕೆ ಇಳಿಯಲಾರದು. ಎಳೆದ ತೇವವೆಲ್ಲ ಅದರ ಸ್ವಂತ ಎಣ್ಣೆಯಲ್ಲೇ ಸೇರುತ್ತದೆ, ಬದಲಿಸಲು ಡ್ರೈನ್ ಕೂಡ ಇಲ್ಲ. ಅದರ ಹಾಗೆಯೇ ಇನ್ನೊಂದು ಚಾಳಿ, ಔಟ್‌ಡೋರಿನ ಗ್ಯಾಸನ್ನೇ ಸ್ವಲ್ಪ ಬಿಟ್ಟು ಪೈಪಿನ ಗಾಳಿ ಓಡಿಸುವುದು. ಗಾಳಿ ಸ್ವಲ್ಪ ಹೋಗುತ್ತದೆ, ಪೈಪಿನ ಗೋಡೆಗೆ ಅಂಟಿದ ತೇವ ಅಲ್ಲೇ ಇರುತ್ತದೆ, ತೂಕ ಮಾಡಿ ತುಂಬಿದ ಗ್ಯಾಸ್ ಕಡಿಮೆಯಾಗುತ್ತದೆ. ಆರ್-32 ಆದರೆ ಹೊತ್ತಿಕೊಳ್ಳುವ ಗ್ಯಾಸನ್ನು ಕಿಟಕಿ ಪಕ್ಕ ಬಿಟ್ಟಂತೆ.

ಹೆಜ್ಜೆ 4: ಸಿಎಫ್‌ಎಂ ಆರಿಸಿ, ಪ್ಲೇಟನ್ನು ಪೂರ್ತಿ ಓದಿ

ಮನೆಯ ಫ್ರಿಜ್, ಡೀಪ್ ಫ್ರೀಜರ್, ಕಾರ್ ಎಸಿಗೆ 2ರಿಂದ 3 ಸಿಎಫ್‌ಎಂ ಧಾರಾಳ. ಸ್ಪ್ಲಿಟ್, ಕ್ಯಾಸೆಟ್ ಎಸಿ ಮುಖ್ಯವಾದರೆ 3ರಿಂದ 5. ಡಕ್ಟಬಲ್, ವಿಆರ್‌ಎಫ್, ಕೋಲ್ಡ್ ರೂಮ್ ನಿತ್ಯದ ಕೆಲಸವಾದರೆ 6ರಿಂದ 10. ಈ ಕಸುಬಿನಲ್ಲಿ ಒಂದು ಹಳೆಯ ಅಂದಾಜು ಇದೆ: ಸಿಎಫ್‌ಎಂ ಅಂಕಿಯನ್ನು ಅದರಿಂದಲೇ ಗುಣಿಸಿದರೆ ಬರುವಷ್ಟು ಟನ್ನಿನವರೆಗೆ ಆ ಪಂಪ್ ಸಾಕು. 4 ಸಿಎಫ್‌ಎಂ ಆದರೆ 16 ಟನ್, 5 ಆದರೆ 25. ಅಂದಾಜು ಅಂದಾಜೇ, ಆದರೆ 1.5 ಟನ್ನಿನ ಎಸಿಗೆ 8 ಸಿಎಫ್‌ಎಂ ಯಾಕೆ ಬೇಡ ಎಂಬುದನ್ನು ಇದು ಚೆನ್ನಾಗಿ ಹೇಳುತ್ತದೆ.

ಪ್ಲೇಟಿನಲ್ಲಿ ಇನ್ನೊಂದು ವಿಷಯ ಅಡಗಿರುತ್ತದೆ. ನಮ್ಮಲ್ಲಿ ಕರೆಂಟ್ 230 ವೋಲ್ಟ್, 50 ಹರ್ಟ್ಸ್. ಹೊರದೇಶದ ಬ್ರ್ಯಾಂಡುಗಳ ಸಿಎಫ್‌ಎಂ ಅಂಕಿ ಹಲವು ಬಾರಿ 60 ಹರ್ಟ್ಸಿಗೆ ಬರೆದದ್ದು. ಅದೇ ಪಂಪ್ 50 ಹರ್ಟ್ಸಿನಲ್ಲಿ ನಿಧಾನ ತಿರುಗುತ್ತದೆ, ಎಳೆಯುವುದು ಆರರಲ್ಲಿ ಐದು ಪಾಲು. ‘6 ಸಿಎಫ್‌ಎಂ’ ಎಂಬುದು ಇಲ್ಲಿ 5 ಆಗುತ್ತದೆ. ಒಳ್ಳೆಯ ಕಂಪನಿಗಳು ಎರಡೂ ಅಂಕಿಗಳನ್ನು ಬರೆಯುತ್ತವೆ. ವೋಲ್ಟೇಜ್ ಸರಿಯಾಗಿ ಓದಿ. 110 ವೋಲ್ಟಿನ ಪಂಪನ್ನು ಅಗ್ಗವೆಂದು ಆನ್‌ಲೈನಿನಲ್ಲಿ ತರಿಸಿಕೊಂಡರೆ ದಿನವೂ ಟ್ರಾನ್ಸ್‌ಫಾರ್ಮರ್ ಹೊರಬೇಕು.

ವೇಗದ ಅಂಕಿ ಇದ್ದರೆ ಅದನ್ನೂ ಗಮನಿಸಿ. 1440 ಆರ್‌ಪಿಎಂ ಇರುವ ಪಂಪ್ ಭಾರ ಹೆಚ್ಚು, ಸದ್ದು ಮತ್ತು ಬಿಸಿ ಕಡಿಮೆ. 2880 ಸುತ್ತಿನದು ಹಗುರ, ಚಿಕ್ಕದು. ಮೆಟ್ಟಿಲು ಹತ್ತುವ ಕೆಲಸವಾದರೆ ಎರಡನೆಯದನ್ನು ಆರಿಸಿದರೂ ತಪ್ಪಿಲ್ಲ.

ಪಂಪಿನಿಂದ ಸಿಸ್ಟಮಿನ ತನಕದ ದಾರಿ

ಸಿಎಫ್‌ಎಂ ಬಗ್ಗೆ ಇಷ್ಟು ಮಾತಾಡಿದ ಮೇಲೂ, ಆ ಅಂಕಿ ಕೆಲಸಕ್ಕೆ ಬರುವುದು ಪಂಪಿನಿಂದ ಯಂತ್ರಕ್ಕೆ ಹೋಗುವ ದಾರಿ ಅಗಲವಾಗಿದ್ದರೆ ಮಾತ್ರ. ಎಳನೀರಿಗೆ ಸಣ್ಣ ಸ್ಟ್ರಾ ಹಾಕಿ ಎಷ್ಟು ಜೋರಾಗಿ ಹೀರಿದರೂ ಬರುವಷ್ಟೇ ಬರುತ್ತದೆ. ಮ್ಯಾನಿಫೋಲ್ಡಿನೊಂದಿಗೆ ಸಿಗುವ ಕಾಲು ಇಂಚಿನ ಹಳದಿ ಹೋಸ್ ಇಲ್ಲಿ ಆ ಸ್ಟ್ರಾ. ಗ್ಯಾಸ್ ತುಂಬಲು ಅದು ಸರಿ, ವ್ಯಾಕ್ಯೂಮಿಗೆ ಸಾಲದು. ಒತ್ತಡ ಇಳಿದಂತೆ ಒಳಗಿನ ಅಣುಗಳು ವಿರಳವಾಗಿ, ತಳ್ಳುವ ಬಲವೇ ಇಲ್ಲವಾಗುತ್ತದೆ. ಅಗಲವಾದ ದಾರಿ ಇದ್ದರಷ್ಟೇ ಅವು ಪಂಪಿನ ಬಾಯಿ ತಲುಪುತ್ತವೆ. ಒಳವ್ಯಾಸ ಒಂದೂವರೆ ಪಟ್ಟಾದರೆ ಹರಿವು, ಒತ್ತಡಕ್ಕೆ ತಕ್ಕಂತೆ, ಮೂರರಿಂದ ಐದು ಪಟ್ಟಾಗುತ್ತದೆ. ಉದ್ದ ಅರ್ಧವಾದರೆ ಹರಿವು ಎರಡು ಪಟ್ಟು.

ಹಾಗಾಗಿ ಪಂಪಿನ ಜೊತೆಗೇ 3/8 ಅಥವಾ 1/2 ಇಂಚಿನ ವ್ಯಾಕ್ಯೂಮ್ ಹೋಸ್ ಒಂದನ್ನು ಕೊಳ್ಳಿ, ಆದಷ್ಟು ಗಿಡ್ಡದ್ದು. ಪಂಪಿಗೆ 3/8 ಬಾಯಿ ಇದೆಯೇ ನೋಡಿ. ಬರೀ 1/4 ಬಾಯಿ ಇರುವ ಪಂಪಿಗೆ ದಪ್ಪ ಹೋಸ್ ಹಾಕಿ ಪೂರ್ತಿ ಲಾಭ ಸಿಗುವುದಿಲ್ಲ.

ಎರಡನೆಯ ಅಡ್ಡಿ ಸರ್ವಿಸ್ ಪೋರ್ಟಿನ (ಯಂತ್ರಕ್ಕೆ ಹೋಸ್ ಸಿಕ್ಕಿಸುವ ಬಾಯಿಯ) ಪಿನ್. ಹೋಸ್ ಹಾಕಿದಾಗ ಅದು ಒಳಗೆ ಒತ್ತಿಕೊಂಡರೂ ಅಲ್ಲೇ ದಾರಿಗಡ್ಡವಾಗಿ ಕೂತಿರುತ್ತದೆ. ಒತ್ತಡ ಬಿಡದೆ ಪಿನ್ ತೆಗೆದು ಹಾಕಲು ಕೋರ್ ರಿಮೂವಲ್ ಟೂಲ್ ಸಿಗುತ್ತದೆ, ಅದಕ್ಕೆ ಬಾಲ್ ವಾಲ್ವೂ, ಮೈಕ್ರಾನ್ ಗೇಜ್ ಸಿಕ್ಕಿಸಲು ಪಕ್ಕದ ಬಾಯಿಯೂ ಇರುತ್ತದೆ. ಆರ್-410ಎ ಮತ್ತು ಆರ್-32 ಸ್ಪ್ಲಿಟ್‌ಗಳ ಪೋರ್ಟ್ ಸಾಮಾನ್ಯವಾಗಿ 5/16, ಆರ್-22ರದು 1/4. ಟೂಲ್ ಕೊಳ್ಳುವಾಗ 5/16ರದ್ದು ಕೇಳಿ, ಇಲ್ಲದಿದ್ದರೆ ಅಡಾಪ್ಟರ್ ಮೇಲೆ ಅಡಾಪ್ಟರ್ ಸೇರಿ ಒಂದೊಂದೂ ಲೀಕ್ ಆಗುವ ಜಾಗವಾಗುತ್ತದೆ. ಪಿನ್ ತೆಗೆದು ದಪ್ಪ ಹೋಸ್ ಹಾಕಿದ 3 ಸಿಎಫ್‌ಎಂ ಪಂಪ್, ಕಾಲಿಂಚು ಹೋಸ್ ಮತ್ತು ಮ್ಯಾನಿಫೋಲ್ಡ್ ಮೂಲಕ ಎಳೆಯುವ 8 ಸಿಎಫ್‌ಎಂ ಪಂಪಿಗಿಂತ ಬೇಗ ಕೆಲಸ ಮುಗಿಸುತ್ತದೆ.

ಹೆಜ್ಜೆ 5: ಹೊತ್ತಿಕೊಳ್ಳುವ ಗ್ಯಾಸುಗಳಿಗೆ ಪಂಪ್

ಗಾಳಿಯಲ್ಲಿ ಶೇ 14ರಷ್ಟು ಸೇರಿದಾಗ ಆರ್-32 ಹೊತ್ತಿಕೊಳ್ಳಬಲ್ಲದು. ಆರ್-290ಕ್ಕೆ ಶೇ 2ರಷ್ಟು, ಆರ್-600ಎಗೆ ಅದಕ್ಕಿಂತಲೂ ಕಡಿಮೆ ಸಾಕು. ಮೂರೂ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲಿ ಹರಡಿ ನಿಲ್ಲುತ್ತವೆ. ನಾವು ಪಂಪ್ ಇಡುವುದೂ ನೆಲದ ಮೇಲೆಯೇ.

ಪಂಪ್ ಎಳೆದುಕೊಂಡ ಗ್ಯಾಸ್ ಅದರ ಹೊರಬಾಯಿಯಿಂದ ಮೋಟಾರಿನ ಪಕ್ಕದಲ್ಲೇ ಬರುತ್ತದೆ. ಸ್ವಿಚ್ಚಿನ ಕಿಡಿ, ಮೋಟಾರ್ ಸ್ಟಾರ್ಟ್ ಆಗುವಾಗ ಒಳಗಿನ ಕಾಂಟ್ಯಾಕ್ಟಿನ ಕಿಡಿ, ಕಾರ್ಬನ್ ಬ್ರಷ್ ಇದ್ದರೆ ಅದರ ಕಿಡಿ, ಯಾವುದಾದರೂ ಸಾಕು. ಎ2ಎಲ್ ವರ್ಗದ (ಆರ್-32ರಂತೆ ನಿಧಾನವಾಗಿ ಹೊತ್ತಿಕೊಳ್ಳುವ) ಗ್ಯಾಸಿಗೆ ತಕ್ಕದ್ದು ಎಂದು ತಯಾರಕರೇ ಬರೆದಿರುವ, ಬ್ರಷ್ ಇಲ್ಲದ ಮೋಟಾರಿನ ಪಂಪ್ ಕೊಳ್ಳಿ. ಆರ್-290 ಮತ್ತು ಆರ್-600ಎ ಸುಲಭವಾಗಿ ಹೊತ್ತಿಕೊಳ್ಳುವ ಎ3 ವರ್ಗದವು, ಇವಕ್ಕೆ ಎ3 ಎಂದೇ ನಮೂದಾಗಿರಬೇಕು. ಗೋದ್ರೆಜ್ ಕಂಪನಿ ಆರ್-290 ಸ್ಪ್ಲಿಟ್‌ಗಳನ್ನು ಭಾರತದ ಮಾರುಕಟ್ಟೆಗೆ ತಂದು ಹತ್ತು ವರ್ಷಕ್ಕೂ ಹೆಚ್ಚಾಯಿತು, ಮನೆ ಫ್ರಿಜ್ಜುಗಳಲ್ಲಿ ಆರ್-600ಎ ಮಾಮೂಲಾಗಿದೆ. ಈ ಕೆಲಸ ನಿಮ್ಮ ಬಾಗಿಲಿಗೂ ಬಂದೇ ಬರುತ್ತದೆ.

ಪಂಪ್ ಯಾವುದೇ ಇರಲಿ, ಬಿಚ್ಚಿದ ಸಿಸ್ಟಮಿನಲ್ಲಿ ಉಳಿದ ಗ್ಯಾಸನ್ನು ಮೊದಲು ತೆಗೆದು, ನೈಟ್ರೋಜನ್ ಹರಿಸಿ ಆಮೇಲೆಯೇ ವ್ಯಾಕ್ಯೂಮ್ ಹಾಕಿ. ಪಂಪಿನ ಹೊರಬಾಯಿಯನ್ನು ಬಾಗಿಲಾಚೆಗೆ ಅಥವಾ ಕಿಟಕಿಯಾಚೆಗೆ ತಿರುಗಿಸಿ. ಪಂಪಿನ ಸ್ವಿಚ್ಚನ್ನು ಆನ್ ಇಟ್ಟುಕೊಂಡು, ಪ್ಲಗ್ ಹಾಕಿದ ದೂರದ ಬೋರ್ಡಿನಲ್ಲಿ ಚಾಲೂ ಮಾಡುವುದು ಒಳ್ಳೆಯ ರೂಢಿ.

ಹೆಜ್ಜೆ 6: ಕರೆಂಟ್ ಹೋದರೆ ಏನಾಗುತ್ತದೆ?

ಕರ್ನಾಟಕದ ಹಳ್ಳಿಯಲ್ಲಾಗಲಿ, ಊರಂಚಿನ ಲೇಔಟಿನಲ್ಲಾಗಲಿ ಕೆಲಸ ಮಾಡುವವರು ಪಂಪ್ ಕೊಳ್ಳುವಾಗ ಕೇಳಲೇಬೇಕಾದ ಪ್ರಶ್ನೆ ಇದು. ಪಂಪ್ ಓಡುತ್ತಿರುವಾಗ ಕರೆಂಟ್ ಹೋಯಿತು ಎನ್ನಿ. ಒಂದು ಬದಿಯಲ್ಲಿ ಪೈಪಿನೊಳಗೆ ವ್ಯಾಕ್ಯೂಮ್, ಇನ್ನೊಂದು ಬದಿಯಲ್ಲಿ ಹೊರಗಿನ ಗಾಳಿಯ ಒತ್ತಡ, ನಡುವೆ ಪಂಪಿನ ಎಣ್ಣೆ. ತಡೆ ಇಲ್ಲದ ಪಂಪಾದರೆ ಆ ಕಪ್ಪು ಎಣ್ಣೆ ಹೋಸಿನೊಳಗಿಂದ ಹಿಂದಕ್ಕೆ ಗಿರಾಕಿಯ ಹೊಸ ಪೈಪಿಗೆ ಹರಿಯಬಹುದು, ಹಿಂದೆಯೇ ಗಾಳಿಯೂ ನುಗ್ಗುತ್ತದೆ. ಕೆಲವು ಪಂಪುಗಳಲ್ಲಿ ಇದನ್ನು ತಡೆಯುವ ನಾನ್ ರಿಟರ್ನ್ ವಾಲ್ವ್ ಒಳಗೇ ಇರುತ್ತದೆ, ಕೆಲವಕ್ಕೆ ಕರೆಂಟ್ ಹೋದ ಕೂಡಲೇ ಮುಚ್ಚಿಕೊಳ್ಳುವ ಸೋಲೆನಾಯ್ಡ್ ವಾಲ್ವ್. ಒಂದಿಷ್ಟು ಹೆಚ್ಚು ಬೆಲೆಯಾದರೂ ಸೋಲೆನಾಯ್ಡ್ ಇರುವುದನ್ನೇ ತೆಗೆದುಕೊಳ್ಳಿ. ಇದ್ದರೂ ಬಾಲ್ ವಾಲ್ವ್ ಕೈಗೆಟಕುವಂತಿರಲಿ, ವಾಲ್ವ್ ಒಳಗೆ ಕಸ ಸಿಕ್ಕಿಕೊಂಡರೆ ಅದೂ ಪೂರ್ತಿ ಮುಚ್ಚುವುದಿಲ್ಲ.

ವೋಲ್ಟೇಜ್ ಕಡಿಮೆ ಇರುವ ಕಡೆ ಮೋಟಾರ್ ಗುಂಯ್ ಎನ್ನುತ್ತ ತಿರುಗದೆ ನಿಂತರೆ ತಕ್ಷಣ ಆಫ್ ಮಾಡಿ. ಒಳಬಾಯಿಯ ಕ್ಯಾಪ್ ಸ್ವಲ್ಪ ಸಡಿಲಿಸಿ ಗಾಳಿ ಬಿಟ್ಟುಕೊಂಡು ಚಾಲೂ ಮಾಡಿದರೆ ಸುಲಭವಾಗಿ ಏಳುತ್ತದೆ. ಉದ್ದನೆಯ ತೆಳು ವೈರಿನ ಎಕ್ಸ್‌ಟೆನ್ಶನ್ ಬೋರ್ಡ್ ಬೇಡ. ಅರ್ತಿಂಗ್ ಇರುವ ಮೂರು ಪಿನ್ ಪ್ಲಗ್ ಇರಲಿ.

ಇನ್ನೆರಡು ಭಾಗಗಳನ್ನು ನೋಡಿ. ಒಂದು ಗ್ಯಾಸ್ ಬ್ಯಾಲಸ್ಟ್, ಪಂಪಿನ ಮೇಲಿರುವ ಸಣ್ಣ ತಿರುಪು. ಶುರುವಿನಲ್ಲಿ ಅದನ್ನು ತೆರೆದರೆ ಸ್ವಲ್ಪ ಹೊರಗಾಳಿ ಒಳಬಂದು, ಎಳೆದ ನೀರಾವಿ ಎಣ್ಣೆಯಲ್ಲಿ ನೀರಾಗಿ ನಿಲ್ಲದೆ ಹೊರಹೋಗುತ್ತದೆ. ಕೆಲವು ಸಾವಿರ ಮೈಕ್ರಾನಿಗೆ ಇಳಿದ ಮೇಲೆ ಮುಚ್ಚಬೇಕು, ಇಲ್ಲದಿದ್ದರೆ ಆಳ ಬರುವುದಿಲ್ಲ. ಕರಾವಳಿಯವರಿಗೆ ಇದು ಬೇಕೇ ಬೇಕು. ಇನ್ನೊಂದು, ಎಣ್ಣೆ ಕಾಣುವ ಗಾಜು ಮತ್ತು ಸುಲಭವಾಗಿ ಬಿಚ್ಚುವ ಡ್ರೈನ್. ಗಾಜು ದೊಡ್ಡದಿದ್ದಷ್ಟೂ ಎಣ್ಣೆ ನೋಡುವ ಮನಸ್ಸಾಗುತ್ತದೆ. ಹಿಡಿ, ಬಣ್ಣ, ಎಲ್‌ಇಡಿ ದೀಪ ಇವೆಲ್ಲ ನಿಮ್ಮ ಇಷ್ಟ.

ಹೆಜ್ಜೆ 7: ದುಡ್ಡು ಕೊಡುವ ಮೊದಲು ಪರೀಕ್ಷಿಸಿ

ಆನ್‌ಲೈನಿಗಿಂತ ಅಂಗಡಿಯಲ್ಲಿ ಕೊಳ್ಳುವುದು ಒಳ್ಳೆಯದು ಎನ್ನಲು ಕಾರಣ ಈ ಪರೀಕ್ಷೆ, ಜೊತೆಗೆ ಪಟ್ಟಿ, ಸೀಲ್, ಕಪ್ಲಿಂಗ್ ಸಿಗುವ ಖಾತ್ರಿ. ವ್ಯಾಲ್ಯೂ, ರಾಬಿನೇರ್, ಯೆಲ್ಲೋ ಜಾಕೆಟ್, ನವಾಕ್ ಹೀಗೆ ಹೆಸರು ಯಾವುದಾದರೂ ಇರಲಿ, ಬಿಡಿಭಾಗ ನಿಮ್ಮ ಊರಿನಲ್ಲಿ ಸಿಗುತ್ತದೆಯೇ ಎಂಬುದನ್ನು ಬ್ರ್ಯಾಂಡಿಗಿಂತ ಮೊದಲು ಕೇಳಿ.

ಹೊಸ ಎಣ್ಣೆಯನ್ನು ಗಾಜಿನ ಗುರುತಿನವರೆಗೆ ತುಂಬಿಸಿ. ಮೈಕ್ರಾನ್ ಗೇಜನ್ನು ಹೋಸಿಲ್ಲದೆ ನೇರ ಪಂಪಿನ ಬಾಯಿಗೆ ಹಾಕಿ, ಉಳಿದ ಬಾಯಿಗಳನ್ನು ಕ್ಯಾಪಿನಿಂದ ಬಿಗಿಯಾಗಿ ಮುಚ್ಚಿ. ಹತ್ತು ಹದಿನೈದು ನಿಮಿಷ ಓಡಲಿ, ಎಣ್ಣೆ ಬಿಸಿಯಾಗಬೇಕು. ಡಬಲ್ ಸ್ಟೇಜ್ ಪಂಪ್ 100 ಮೈಕ್ರಾನಿಗಿಂತ ಸಾಕಷ್ಟು ಕೆಳಗೆ ಇಳಿಯಬೇಕು. 200ರ ಮೇಲೆಯೇ ನಿಂತರೆ ಮೊದಲು ಕ್ಯಾಪಿನ ರಬ್ಬರ್ ನೋಡಿ, ಆಮೇಲೆ ಬೇರೆ ಪೀಸ್ ಕೇಳಿ. ಅಂಗಡಿಯಲ್ಲಿ ಮೈಕ್ರಾನ್ ಗೇಜೇ ಇಲ್ಲ ಎಂದರೆ ನಿಮ್ಮದನ್ನೇ ತೆಗೆದುಕೊಂಡು ಹೋಗಿ. ಗೇಜನ್ನು ಮೊದಲು ಕೊಳ್ಳಲು ಇದೂ ಒಂದು ಕಾರಣ.

ಹೆಜ್ಜೆ 8: ಮೊದಲ ಕೆಲಸದಲ್ಲಿ ಬಳಸುವ ಕ್ರಮ

ಹೊಸ ಸ್ಪ್ಲಿಟ್ ಎಸಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಪೈಪ್ ಜೋಡಿಸುವ ಫ್ಲೇರ್ ನಟ್‌ಗಳನ್ನು ಬಿಗಿದ ಮೇಲೆ ಮೊದಲು ಒಣ ನೈಟ್ರೋಜನ್ ಹಾಕಿ, ತಯಾರಕರು ಹೇಳಿದ ಒತ್ತಡದವರೆಗೆ. ಸೋಪು ನೀರು ಹಚ್ಚಿ ಗುಳ್ಳೆ ನೋಡಿ. ಲೀಕ್ ಹುಡುಕಲು ವ್ಯಾಕ್ಯೂಮಿಗಿಂತ ಒತ್ತಡವೇ ಒಳ್ಳೆಯ ದಾರಿ. ಆಕ್ಸಿಜನ್ ಸಿಲಿಂಡರ್ ಹತ್ತಿರವಿದೆ ಎಂದು ಅದನ್ನು ಎಂದಿಗೂ ಹಾಕಬೇಡಿ, ಎಣ್ಣೆಯೊಂದಿಗೆ ಸೇರಿದರೆ ಸ್ಫೋಟವಾಗುತ್ತದೆ.

ನೈಟ್ರೋಜನ್ ಬಿಟ್ಟು, ಪಿನ್ ತೆಗೆದು, ದಪ್ಪ ಹೋಸಿನಲ್ಲಿ ಪಂಪ್ ಜೋಡಿಸಿ. ಮೈಕ್ರಾನ್ ಗೇಜನ್ನು ಪಂಪಿನ ಹತ್ತಿರ ಹಾಕಬೇಡಿ, ಅಲ್ಲಿ ಅದು ಪಂಪಿನ ಸ್ಥಿತಿ ಹೇಳುತ್ತದೆಯೇ ಹೊರತು ಪೈಪಿನದಲ್ಲ. ಕೋರ್ ಟೂಲಿನ ಪಕ್ಕದ ಬಾಯಿಗೆ, ಬಾಲ್ ವಾಲ್ವಿಗಿಂತ ಯಂತ್ರದ ಕಡೆಗೆ ಇರಲಿ.

ಬ್ಯಾಲಸ್ಟ್ ತೆರೆದು ಚಾಲೂ ಮಾಡಿ, ಇಳಿದ ಮೇಲೆ ಮುಚ್ಚಿ. 500ಕ್ಕೆ ಬಂದ ಕೂಡಲೇ ನಿಲ್ಲಿಸಬೇಡಿ, 300ರ ಸುತ್ತಮುತ್ತ ಹೋಗಲಿ. ಬಾಲ್ ವಾಲ್ವ್ ಮುಚ್ಚಿ, ಪಂಪ್ ಆಫ್ ಮಾಡಿ, ಹತ್ತು ಹದಿನೈದು ನಿಮಿಷ ಗೇಜನ್ನೇ ನೋಡುತ್ತ ಕೂರಿ. ಸ್ವಲ್ಪ ಏರಿ 500ರೊಳಗೆ ನಿಂತರೆ ಸಿಸ್ಟಮ್ ಒಣಗಿದೆ, ಬಿಗಿಯಾಗಿದೆ. ಏರಿ ಏರಿ 1500, 2000ದ ಹತ್ತಿರ ನಿಧಾನವಾಗಿ ನಿಂತುಬಿಟ್ಟರೆ ಒಳಗೆ ಇನ್ನೂ ತೇವ ಕುದಿಯುತ್ತಿದೆ, ಪಂಪ್ ಮತ್ತೆ ಓಡಬೇಕು. ನಿಲ್ಲದೆ ಏರುತ್ತಲೇ ಹೋದರೆ ಎಲ್ಲೋ ಲೀಕ್ ಇದೆ. ಮೊದಲು ನಿಮ್ಮ ಹೋಸಿನ ವಾಷರನ್ನೇ ಅನುಮಾನಿಸಿ, ಆಮೇಲೆ ಫ್ಲೇರ್.

ತೇವ ಜಾಸ್ತಿ ಇದ್ದಾಗ ಗಂಟೆಗಟ್ಟಲೆ ಪಂಪ್ ಓಡಿಸುವುದಕ್ಕಿಂತ ನೈಟ್ರೋಜನ್ ಸಹಾಯ ಪಡೆಯಿರಿ. 2000ಕ್ಕೆ ಇಳಿಸಿ, ಒಣ ನೈಟ್ರೋಜನ್ ತುಂಬಿ, ಐದು ನಿಮಿಷ ಬಿಟ್ಟು ಹೊರಬಿಡಿ. 1000ಕ್ಕೆ ಇಳಿಸಿ ಮತ್ತೆ ಅದೇ. ಮೂರನೆಯ ಸಲ 500ಕ್ಕಿಂತ ಕೆಳಗೆ. ನೀರು ನಿಂತೇ ಇದ್ದರೆ ಇನ್ನೊಂದು ತೊಡಕು: 4,580 ಮೈಕ್ರಾನಿಗಿಂತ ಕೆಳಗೆ ನೀರು ದ್ರವವಾಗಿ ಇರಲಾರದು, ಕುದಿಯುತ್ತ ತಣ್ಣಗಾಗಿ ಮಂಜುಗಡ್ಡೆಯಾಗುತ್ತದೆ. ಗೇಜ್ ಒಳ್ಳೆಯ ಅಂಕಿ ತೋರಿಸುತ್ತಿರುತ್ತದೆ, ಮಂಜುಗಡ್ಡೆ ಒಳಗೇ ಇರುತ್ತದೆ. ನೈಟ್ರೋಜನ್ ತುಂಬುವುದರಿಂದ ಅದಕ್ಕೆ ಶಾಖ ಸಿಕ್ಕಿ ಕರಗುತ್ತದೆ.

ಫ್ರಿಜ್ಜಿನಲ್ಲಿ ಕ್ಯಾಪಿಲರಿಯೇ ದಾರಿಗಡ್ಡ. ಕಂಪ್ರೆಸರಿನ ಚಾರ್ಜಿಂಗ್ ಟ್ಯೂಬಿನಿಂದ ಮಾತ್ರ ಎಳೆದರೆ ಕಂಡೆನ್ಸರ್ ಬದಿ ಖಾಲಿಯಾಗಲು ತುಂಬ ಹೊತ್ತು ಬೇಕು. ಹೊಸ ಫಿಲ್ಟರ್ ಡ್ರೈಯರ್ ಹಾಕುವಾಗ ಎರಡು ಬಾಯಿಯದನ್ನು ಹಾಕಿ, ಎರಡೂ ಕಡೆಯಿಂದ ಎಳೆಯಿರಿ.

ವ್ಯಾಕ್ಯೂಮಿನಲ್ಲಿರುವಾಗ ಕಂಪ್ರೆಸರ್ ಚಾಲೂ ಮಾಡುವುದು, ಮೆಗ್ಗರ್ (ವೈಂಡಿಂಗಿನ ಇನ್ಸುಲೇಶನ್ ಪರೀಕ್ಷಿಸುವ ಮೀಟರ್) ಹಚ್ಚುವುದು ಎರಡೂ ಬೇಡ. ಆ ಒತ್ತಡದಲ್ಲಿ ಟರ್ಮಿನಲ್‌ಗಳ ನಡುವೆ ಕಿಡಿ ಹಾರಿ ವೈಂಡಿಂಗ್ ಹೋಗುತ್ತದೆ.

ಎಣ್ಣೆ

ಪಂಪಿನ ಆಯಸ್ಸು ಇರುವುದು ಇಲ್ಲಿ. ಪಟ್ಟಿ ಮತ್ತು ಗೋಡೆಯ ನಡುವಿನ ಸಂದು ಮುಚ್ಚುವುದು ಎಣ್ಣೆಯೇ, ಅದರಲ್ಲಿ ನೀರು ಇದ್ದರೆ ಆ ನೀರು ಪಂಪಿನೊಳಗೇ ಆವಿಯಾಗಿ ವ್ಯಾಕ್ಯೂಮನ್ನು ಕೆಡಿಸುತ್ತದೆ. ಗಾಜಿನಲ್ಲಿ ಹಾಲಿನ ಬಣ್ಣ ಕಂಡರೆ ನೀರು ಸೇರಿದೆ. ಕಪ್ಪಾದರೆ ಸುಟ್ಟ ಕಂಪ್ರೆಸರಿನ ಆಮ್ಲ, ಮಸಿ ಬಂದಿದೆ. ಎರಡರಲ್ಲೂ ಆ ದಿನವೇ, ಪಂಪ್ ಬಿಸಿ ಇರುವಾಗಲೇ ಬಸಿದು ಹೊಸದು ಹಾಕಿ. ಬಿಸಿ ಎಣ್ಣೆ ಕಸವನ್ನೂ ಹೊತ್ತುಕೊಂಡು ಬರುತ್ತದೆ. ತೇವದ ಕೆಲಸ ಮಾಡಿದ ಪ್ರತಿ ಸಲವೂ ಬದಲಿಸುವುದು ದುಬಾರಿ ಎನಿಸಬಹುದು, ಆದರೆ ಒಂದು ಪಂಪಿಗೆ ಹಿಡಿಸುವುದು ಕೆಲವು ನೂರು ಮಿಲಿಲೀಟರ್ ಅಷ್ಟೇ.

ವ್ಯಾಕ್ಯೂಮ್ ಪಂಪ್ ಎಣ್ಣೆಯನ್ನೇ ಹಾಕಿ. ಕಂಪ್ರೆಸರ್ ಎಣ್ಣೆ, ಗಾಡಿಯ ಎಂಜಿನ್ ಆಯಿಲ್ ಬೇಡ. ಅವು ಆ ಆಳದಲ್ಲಿ ತಾವೇ ಆವಿಯಾಗಲು ಶುರುಮಾಡುತ್ತವೆ. ಡಬ್ಬದ ಮುಚ್ಚಳ ಬಿಗಿಯಾಗಿರಲಿ, ತೆರೆದಿಟ್ಟ ಎಣ್ಣೆ ಹಾಕುವ ಮೊದಲೇ ತೇವ ಕುಡಿದಿರುತ್ತದೆ. ಕೆಲಸ ಮುಗಿದ ಮೇಲೆ ಪಂಪಿನ ಒಳಬಾಯಿ, ಹೊರಬಾಯಿ ಎರಡಕ್ಕೂ ಕ್ಯಾಪ್ ಹಾಕಿ, ಬೈಕಿನ ಹಿಂದೆ ಕಟ್ಟುವಾಗ ನೆಟ್ಟಗೆ ನಿಲ್ಲಿಸಿ ಕಟ್ಟಿ. ಮೈಕ್ರಾನ್ ಗೇಜಿನ ಸೆನ್ಸರಿಗೆ ಎಣ್ಣೆ ತಾಗಿದರೆ ಅದು ಸುಳ್ಳು ಅಂಕಿ ಕೊಡತೊಡಗುತ್ತದೆ, ಆಗ ಒಂದೆರಡು ಹನಿ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಅಲ್ಲಾಡಿಸಿ ಚೆಲ್ಲಿ, ಪೂರ್ತಿ ಒಣಗಿಸಿ. ಒಳಗೆ ಕಡ್ಡಿ, ಹತ್ತಿ ತೂರಿಸಬೇಡಿ, ಸೆನ್ಸರಿನ ತಂತಿ ಕೂದಲಿನಷ್ಟು ತೆಳು.

ಸೆಕೆಂಡ್ ಹ್ಯಾಂಡ್ ಪಂಪ್ ಸಿಕ್ಕರೆ ಎಣ್ಣೆ ಬಸಿದು ಬಿಳಿ ಕಾಗದದ ಮೇಲೆ ಹನಿಸಿ ನೋಡಿ. ಲೋಹದ ಮಿನುಗು ಕಂಡರೆ ಬಿಟ್ಟುಬಿಡಿ. ಬರೀ ಕೊಳೆಯಾದರೆ ಎರಡು ಮೂರು ಸಲ ಹೊಸ ಎಣ್ಣೆ ಹಾಕಿ ಓಡಿಸಿ ಬಸಿದು, ಹೆಜ್ಜೆ 7ರ ಪರೀಕ್ಷೆ ಮಾಡಿ. 100ಕ್ಕಿಂತ ಕೆಳಗೆ ಇಳಿಯುವ ಹಳೆಯ ಡಬಲ್ ಸ್ಟೇಜ್ ಪಂಪ್, ಹೊಸ ಸಿಂಗಲ್ ಸ್ಟೇಜಿಗಿಂತ ಒಳ್ಳೆಯ ವ್ಯಾಪಾರ.